ಗೋಡೆಗೆ ಮುಖವಾಡ

ತಂದೆಯವರು ಕಟ್ಟಿಸಿದ ಮನೆಯ ಗಾರೆಗೋಡೆಗೆ ಹೋದ ವರ್ಷ ‘ಟೆಕ್ಸ್ಚರ್’ ಬಣ್ಣ ಬಳಿಸಿದೆ. ಹಳ್ಳಿಯ ಮಣ್ಣುಗೋಡೆಯಂತೆ ಕಾಣಲೆಂದು! ಮಳೆಗಾಲ ಮುಗಿಯುವುದರೊಳಗೆ ಬಣ್ಣ ಗುಳ್ಳೆಯೆದ್ದು, ಗಾರೆಯನ್ನೂ ಕಿತ್ತುಕೊಂಡು ಉದುರಿತು. ಸಿಮೆಂಟಿನ ಗೋಡೆಗೆ ಅದು ಒಗ್ಗೀತು. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುವಂಥದು; ಅಕ್ರಿಲಿಕ್ ಪೊರೆ ಅದರ ಮೂಗು ಮುಚ್ಚುತ್ತದೆ. ಸುಣ್ಣವಾದರೋ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗಿ, ಗೋಡೆಯೊಡನೆ ಒಂದಾಗುತ್ತದೆ.

ಸುಣ್ಣ, ಕೆಮ್ಮಣ್ಣುಗಳನ್ನು ಬಡತನದ ಗುರುತೆಂದು ಬಿಟ್ಟವರು ನಾವು. ಈಗ ಅವುಗಳ ಸೋಗಿಗೆ ದುಡ್ಡು ಸುರಿಯುತ್ತಿದ್ದೇವೆ. ಇದೆಂಥ ರಸಿಕತೆ? ಸೊಗಸು ಬೇಡವೆನ್ನುವವನಲ್ಲ ನಾನು. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಚಿತ್ತಾರ ಗೋಡೆಗೆ ಒಡವೆ. ನಾನು ತೊಡಿಸಿದ್ದು ಮುಖವಾಡ.

ಮಹನೀಯರೆ, ಬಣ್ಣದ ಪಟ್ಟಿ ಬಿಡಿಸುವ ಮೊದಲು ನಿಮ್ಮ ಗೋಡೆ ಯಾವುದರದೆಂದು ವಿಚಾರಿಸಿ. ನಾನಂತೂ ಯುಗಾದಿಗೆ ಸುಣ್ಣ ಹೊಡೆಸುತ್ತೇನೆ.