ಮೂತ್ರಪಿಂಡದ ಆರೈಕೆಯಲ್ಲಿ ದಾದಿಯರಿಗೂ ಅಧಿಕಾರವಿರಲಿ

ಕಾಲಿನ ಬಾವಿನೊಂದಿಗೆ ಬಂದ ರೈತರೊಬ್ಬರಿಗೆ ನಾವು ಪುನರ್ನವಾದಿ ಕಷಾಯ ಬರೆದುಕೊಟ್ಟೆವು. ಮೊಣಕಾಲು ನೋವಿಗೆಂದು ಅವರು ಆರು ವರ್ಷಗಳಿಂದ ಅಂಗಡಿಯ ಮಾತ್ರೆ ನುಂಗುತ್ತಿದ್ದುದನ್ನು ಕೇಳಿ ತಿಳಿದವರು, ಅವರೂರಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿರುವ ದಾದಿ. ಮೂತ್ರ ಪರೀಕ್ಷಿಸಿ, ಆಲ್ಬುಮಿನ್ ಕಂಡು ಜಿಲ್ಲಾಸ್ಪತ್ರೆಗೆ ಕಳುಹಿಸಿದವರೂ ಆಕೆಯೇ. ದಶಕಗಳ ಕಾಲ ನಾಡಿ ಹಿಡಿದ ನಾವು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಮೂತ್ರಪಿಂಡದ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಅರ್ಧದಷ್ಟು ಶಕ್ತಿ ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ಆದ್ದರಿಂದ ಮಧುಮೇಹ, ರಕ್ತದೊತ್ತಡ ಉಳ್ಳವರ ಮೂತ್ರವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ, ಆಹಾರ, ಔಷಧಗಳನ್ನು ಮತ್ತೆ ಮತ್ತೆ ವಿಚಾರಿಸುವವರು ಊರಲ್ಲಿಯೇ ಇರಬೇಕು. ತಜ್ಞರು ಬಹುಪಾಲು ನಗರವಾಸಿಗಳು.

ಅಮೆರಿಕದಲ್ಲಿ 1965ರಲ್ಲಿ ಆರಂಭವಾದ ‘ನರ್ಸ್ ಪ್ರಾಕ್ಟೀಷನರ್’ ಪದ್ಧತಿಯಲ್ಲಿ, ಉನ್ನತ ಶಿಕ್ಷಣ ಪಡೆದ ದಾದಿಯರು ರೋಗಿಯನ್ನು ಪರೀಕ್ಷಿಸಿ ಔಷಧವನ್ನೂ ಬರೆಯುತ್ತಾರೆ. ನಮ್ಮ ದೇಶದಲ್ಲಿಯೂ ತೀವ್ರನಿಗಾ ಚಿಕಿತ್ಸೆ, ಪ್ರಸೂತಿ ಸೇವೆಗಳಿಗೆ ಇಂಥ ಶಿಕ್ಷಣವಿದೆ. ಮೂತ್ರಪಿಂಡದ ರೋಗಕ್ಕೂ ಅದು ವ್ಯಾಪಕವಾಗಿ ದೊರೆಯಬೇಕು, ಕಲಿತವರಿಗೆ ತಕ್ಕ ಅಧಿಕಾರವೂ ಇರಬೇಕು ಎಂಬುದು ನಮ್ಮ ಅಭಿಮತ. ಇದರಿಂದ ವೈದ್ಯರ ಸ್ಥಾನಕ್ಕೆ ಕುಂದೆಂದು ಹೇಳುವ ಸಹೋದ್ಯೋಗಿಗಳಿದ್ದಾರೆ. ಒಂದು ಕಾಲಕ್ಕೆ ನಾವೂ ಹಾಗೆ ಹೇಳಿದವರೇ. ಆದರೆ ಡಯಾಲಿಸಿಸ್ ಯಂತ್ರದ ಬಳಿ ನಾಲ್ಕು ಗಂಟೆ ರೋಗಿಯೊಡನೆ ಇರುವವರು ಯಾರೆಂಬುದನ್ನು ಆ ಕೋಣೆಗೆ ಹೋಗಿ ನೋಡಬೇಕು.

ಭಕ್ತರು ತಾವು ಸೇವಿಸುವ ಸಕಲ ಔಷಧಗಳನ್ನೂ, ನಮ್ಮಂಥವರು ಕೊಟ್ಟ ಕಷಾಯ, ಭಸ್ಮಗಳನ್ನೂ ಮುಚ್ಚಿಡದೆ, ದಾದಿಯರಿಗೆ ತಿಳಿಸಬೇಕು. ಆ ರೈತರು ಈಗ ಮೂರು ತಿಂಗಳಿಗೊಮ್ಮೆ ಆಕೆಯ ಬಳಿಗೆ ಹೋಗುತ್ತಾರೆ. ನಮ್ಮ ಚೀಟಿಯನ್ನೂ ಒಯ್ಯುತ್ತಾರೆ.