ಗೆರೆಗಳ ಚಿತ್ರವೂ ನಮ್ಮ ಕಸೂತಿಯೂ



ಮೇಲಿನ ತರಗತಿಯ ಹುಡುಗಿಯರಿಗೆ ಕಸೂತಿಯ ತಾಸೇಕೆ, ಅದನ್ನು ಗಣಿತಕ್ಕೆ ಕೊಡಬಾರದೇ ಎಂದು ಪಾಲಕರಲ್ಲಿ ಕೆಲವರು ಕೇಳುತ್ತಿರುವರು. ಪ್ರಶ್ನೆಯು ನ್ಯಾಯವಾದದ್ದೇ, ಆದಕಾರಣ ನನ್ನ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಅಮೇರಿಕೆಯ ಕೆಲವು ಚಿತ್ರಕಾರರು ಮರ, ಮುಖ, ಬೆಟ್ಟಗಳನ್ನು ಬಿಟ್ಟು ಬರಿಯ ಚೌಕ, ಪಟ್ಟಿ, ತ್ರಿಕೋನಗಳನ್ನೇ ಬರೆದರು. ಒಂದು ಬಣ್ಣವು ಇನ್ನೊಂದರಲ್ಲಿ ಕರಗದೆ, ಚೂರಿಯಿಂದ ಕೊಯ್ದಂತೆ ನಿಲ್ಲುವುದೇ ಇವುಗಳ ಲಕ್ಷಣ. 1959ರಲ್ಲಿ ಜೂಲ್ಸ್ ಲ್ಯಾಂಗ್ಸ್‌ನರ್ ಎಂಬ ವಿಮರ್ಶಕರು ಇದನ್ನು ‘ಹಾರ್ಡ್-ಎಡ್ಜ್’ ಎಂದು ಕರೆದರು. ಎಲ್ಸ್‌ವರ್ತ್ ಕೆಲ್ಲಿ ಮುಂತಾದವರ ಇಂಥ ಅಚ್ಚಿನ ಚಿತ್ರಗಳನ್ನು ದೊಡ್ಡ ಸಂಗ್ರಹಾಲಯಗಳು ಜೋಪಾನವಾಗಿ ಇಟ್ಟುಕೊಂಡಿವೆ. ಅವು ಯಾವುದರ ಚಿತ್ರಗಳೆಂದು ಕೇಳಿದರೆ ಉತ್ತರವಿಲ್ಲ. ಬಣ್ಣವೂ ಅಂಚೂ ಅಳತೆಯೂ ಅಲ್ಲಿಯ ವಿಷಯ.

ಇದು ನಮಗೆ ಹೊಸದೇ? ಇಳಕಲ್ಲಿನ ಸೀರೆಯ ಟೋಪ ತೆನಿ ಸೆರಗನ್ನು ಬಿಡಿಸಿ ನೋಡಿರಿ. ಕೆಂಪು ಪಟ್ಟಿಗಳು ಮೂರು, ನಡುವೆ ಬಿಳಿಯವು ಎರಡು. ಒಂದರ ಹಲ್ಲು ಇನ್ನೊಂದರೊಳಗೆ ಕೂತಂತೆ ತೆನಿಗಳು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದರಿಂದ ಸೆರಗು ಅಷ್ಟು ಖಂಡಿತವಾಗಿ ಒಡೆದು ಕಾಣುತ್ತದೆ.

ಕಸೂತಿಯಲ್ಲಿ ಗಣಿತವು ಇನ್ನೂ ಸ್ಪಷ್ಟ. ಗವಂತಿಗೆ ಗುರುತಿನ ಗೆರೆಯಿಲ್ಲ, ಗಂಟಿಲ್ಲ. ಬಟ್ಟೆಯ ಎಳೆಗಳ ಎಣಿಕೆಯೇ ದಾರಿ. ಹೋಗುವಾಗ ಬಿಟ್ಟ ಎಡೆಗಳನ್ನು ಸೂಜಿಯು ಬರುವಾಗ ತುಂಬುತ್ತದೆ. ಆದುದರಿಂದ ಎರಡು ಮಗ್ಗಲೂ ಒಂದೇ ರೂಪ. ಒಂದಕ್ಕೊಂದು ಕೂಡಿದ ಗೆರೆಗಳನ್ನು ಎರಡೆರಡು ಸಲ ನಡೆದರೆ ಹೊರಟಲ್ಲಿಗೇ ಮರಳಬಹುದೆಂಬುದು, 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಸಮಸ್ಯೆಯಲ್ಲಿ ತೋರಿಸಿದ ನಿಯಮದಿಂದಲೇ ಸಿದ್ಧವಾಗುತ್ತದೆ. ಅಕ್ಷರ ಬಾರದ ಅಜ್ಜಿಯರು ಇದನ್ನು ಬೆರಳಿನಿಂದ ಬಲ್ಲವರಾಗಿದ್ದರು. ಒಂದು ಎಳೆ ತಪ್ಪಿದರೆ ಗೋಪುರವು ವಾರೆಯಾಗುವುದು. ಮಾತಿನ ಚಾತುರ್ಯದಿಂದ ಅದನ್ನು ಮುಚ್ಚಲಾಗದು.

ಹೆಣ್ಣಾದವಳಿಗೆ ಸೂಜಿ ಬರಲೇಬೇಕೆಂಬ ಹಳೆಯ ವಾದವನ್ನು ನಾನು ಹೂಡುತ್ತಿಲ್ಲ. ಅದೊಂದೇ ಕಾರಣವಾಗಿದ್ದರೆ ಈ ತಾಸನ್ನು ಇಂದೇ ಬಿಡಬಹುದಾಗಿತ್ತು. ಪರದೇಶದವರು ಚೌಕಟ್ಟು ಹಾಕಿದರೆ ಕಲೆ, ನಮ್ಮ ತಾಯಂದಿರು ಉಟ್ಟರೆ ಬರಿಯ ಮನೆಗೆಲಸ ಎಂಬ ಭೇದವನ್ನು ನಮ್ಮ ಹುಡುಗಿಯರು ಕಲಿಯಬಾರದು. ಕಸೂತಿಯ ತಾಸು ಉಳಿಯಲಿ. ಗಣಿತದ ಶಿಕ್ಷಕಿಯೂ ಅಲ್ಲಿ ಬಂದು ಕೂಡ್ರಲಿ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಸೂತಿಯ ಸೀರೆ, ಕುಪ್ಪಸಗಳಿದ್ದರೆ ಒಂದು ದಿನದ ಮಟ್ಟಿಗೆ ಶಾಲೆಗೆ ಕಳುಹಿಸಿರಿ. ನಮ್ಮ ಮಕ್ಕಳು ಎಳೆ ಎಣಿಸಿ, ಚೌಕದ ಕಾಗದದ ಮೇಲೆ ಇಳಿಸಿಕೊಂಡು, ಜೋಪಾನವಾಗಿ ಹಿಂದಿರುಗಿಸುವರು.