ಚಕ್ರದ ಮೇಲಿನ ಮನೆಯಲ್ಲಿ ಕಡಿದ ಮಾತು

ನಮ್ಮ ಅಮ್ಮಿಗೆ ಕಿವಿ ಮಂದ. ಫೋನಿನಲ್ಲಿ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಎದುರಿಗೆ ಮುಖ ಕಂಡರೆ ಮಾತ್ರ ತುಟಿಯ ಚಲನೆ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ಅಮೆರಿಕದಲ್ಲಿರುವ ನನ್ನ ತಂಗಿ ದಿನವೂ ನಮ್ಮ ಬೆಳಿಗ್ಗೆ ಎಂಟಕ್ಕೆ ವಿಡಿಯೋ ಕರೆ ಮಾಡುತ್ತಾಳೆ. ಕಳೆದ ಜನವರಿಯಲ್ಲಿ ಒಂದು ವಾರ ಆ ಕರೆ ಬರಲಿಲ್ಲ. ಬಂದರೂ ಮುಖ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅದೇ ವಾರ ಅಮ್ಮಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಗುರುವಾರ ಬೆಳಿಗ್ಗೆ ಆಪರೇಷನ್ ಎಂದು ಡಾಕ್ಟರು ಹೇಳಿದರು. "ಅವಳ ಮುಖ ನೋಡದೆ ನಾನು ಒಳಗೆ ಹೋಗುವುದಿಲ್ಲ" ಎಂದು ಅಮ್ಮಿ ಹಟ ಹಿಡಿದರು.

ತಂಗಿಯ ಸಂಸಾರ ಈಗ ಇರುವುದು ಒಂದು ವಾಹನದಲ್ಲಿ. ನಮ್ಮ ಬಸ್ಸಿನಷ್ಟೇ ಉದ್ದ, ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇದೆ. ಅಲ್ಲಿನವರು ಇದನ್ನು ಆರ್‌ವಿ ಎನ್ನುತ್ತಾರೆ. ಅವಳ ಗಂಡನ ಕೆಲಸ ಕಂಪ್ಯೂಟರಿನದು, ಇಂಟರ್‌ನೆಟ್ ಇದ್ದರೆ ಎಲ್ಲಿಂದಲೂ ಆಗುತ್ತದೆ. ಮಗಳ ಪಾಠವೂ ಹಾಗೆಯೇ. ಚಳಿಗಾಲಕ್ಕೆ ಅವರು ಅರಿಜೋನಾದ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಊರಿಗೆ ಬಂದಿದ್ದರು. ಚಿಕ್ಕ ಊರು, ಆದರೆ ಚಳಿಗಾಲದಲ್ಲಿ ಸಾವಿರಾರು ಇಂತಹ ವಾಹನಗಳು ಬಂದು ಸೇರುತ್ತವೆ. ಅಲ್ಲಿನ ಸರ್ಕಾರಿ ಜಾಗದಲ್ಲಿ ಹಣ ಕಟ್ಟಿದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಬಹುದು. ಆದರೆ ಕರೆಂಟಿನ ಸಂಪರ್ಕ ಇಲ್ಲ. ಸೂರ್ಯ ಕೊಟ್ಟದ್ದನ್ನು ಬ್ಯಾಟರಿಯಲ್ಲಿ ತುಂಬಿಕೊಂಡು ರಾತ್ರಿ ಕಳೆಯಬೇಕು.

ಅಷ್ಟು ಜನ ಸೇರಿದರೆ ಮೊಬೈಲ್ ಟವರಿಗೂ ಸುಸ್ತಾಗುತ್ತದೆ. ಹಾಗಾಗಿ ಅವರು ಮೊದಲು ಬೈದದ್ದು ಟವರನ್ನು. ತಂಗಿಯ ಗಂಡ ಹೊಸ ರೂಟರ್ ತರುತ್ತೇನೆಂದು ಹೇಳಿ, ಕಚೇರಿ ಕೆಲಸಕ್ಕೆ ಸುಮಾರು 200 ಕಿ.ಮೀ. ದೂರದ ಫೀನಿಕ್ಸ್‌ಗೆ ಕಾರಿನಲ್ಲಿ ಹೋಗಿದ್ದರು. ಬುಧವಾರ ಅಲ್ಲಿ ಉಳಿದದ್ದು ತಂಗಿ ಮತ್ತು ಅವಳ ಹದಿನಾಲ್ಕು ವರ್ಷದ ಮಗಳು ಮಾತ್ರ. ಹೊರಗೆ ನಿಂತು ಮೊಬೈಲಿನಲ್ಲಿ ನನ್ನೊಡನೆ ತುಂಡು ತುಂಡಾಗಿ ಮಾತಾಡಿದಳು. "ಆಪಾ, ನಮ್ಮ ಮನೆಯ ಮೇಲಿದ್ದ ದೂರದರ್ಶನದ ಅಂಟೆನಾ ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು! ಭಾಯಿಜಾನ್ ಹೆಂಚಿನ ಮೇಲೆ ಹತ್ತಿ ಕಂಬ ತಿರುಗಿಸುವುದು, ನಾವು ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯಿತು" ಎಂದು ಕೂಗುವುದು. ಒಂದು ಸಲ ಎರಡು ದಿನ ಹಾಗೆ ತಿರುಗಿಸಿದ ಮೇಲೆ ಗೊತ್ತಾದದ್ದು, ಅಟ್ಟದಲ್ಲಿ ಇಲಿ ಆ ಚಪ್ಪಟೆ ವೈರನ್ನು ಕಡಿದು ಹಾಕಿತ್ತು. ತಂಗಿ ಆ ದಿನವನ್ನು ಮರೆತಿರಲಿಲ್ಲ.

ಅವಳು ಮೊದಲು ಮಾಡಿದ್ದು ಒಂದು ಸಣ್ಣ ಲೆಕ್ಕ. ಕರೆ ಹಗಲಿನಲ್ಲಿ ಹೇಗೋ ನಡೆಯುತ್ತದೆ, ರಾತ್ರಿ ಕಡಿಯುತ್ತದೆ. ನಮ್ಮ ಬೆಳಿಗ್ಗೆ ಎಂಟು ಎಂದರೆ ಅರಿಜೋನಾದಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ. ಅವರ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತು. ಮಗಳನ್ನು ರೂಟರಿನ ದೀಪ ನೋಡಲು ನಿಲ್ಲಿಸಿ ಇವಳು ನಲ್ಲಿ ತಿರುಗಿಸಿದಳು. ನೀರಿನ ಪಂಪು ಗುರ್ರೆಂದಿತು, ರೂಟರ್ ಆರಿ ಮತ್ತೆ ಹೊತ್ತಿಕೊಂಡಿತು! ಎರಡಕ್ಕೂ ಒಂದೇ ವೈರಿನಿಂದ ಕರೆಂಟು ಹೋಗುತ್ತಿತ್ತು. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯ ಬಳಿ 12.3 ವೋಲ್ಟ್, ಪಂಪು ಓಡುವಾಗ ರೂಟರಿನ ಬಳಿ 10.7.

ನಮ್ಮ ಮನೆಗಳ 230 ವೋಲ್ಟಿನಲ್ಲಿ ಒಂದೂವರೆ ವೋಲ್ಟ್ ದಾರಿಯಲ್ಲಿ ಸೋರಿದರೆ ಬಲ್ಬಿಗೂ ತಿಳಿಯುವುದಿಲ್ಲ. ಆದರೆ 12ರಲ್ಲಿ ಅಷ್ಟು ಹೋದರೆ ಎಂಟರಲ್ಲಿ ಒಂದು ಪಾಲು ಹೋದಂತೆ. ವೈರು ಸಪೂರವಾದಷ್ಟೂ, ಉದ್ದವಾದಷ್ಟೂ ಈ ಸೋರಿಕೆ ಹೆಚ್ಚು. ತುಕ್ಕು ಹಿಡಿದ ಒಂದು ತಿರುಪು ಸಾಕು, ಅದೊಂದೇ ಹತ್ತು ಅಡಿ ವೈರಿನಷ್ಟು ತಿನ್ನುತ್ತದೆ. ಇಲ್ಲಿಯೂ ನೆಗೆಟಿವ್ ವೈರನ್ನು ವಾಹನದ ಕಬ್ಬಿಣಕ್ಕೆ ಬಿಗಿದಿದ್ದ ತಿರುಪು ಸಡಿಲಾಗಿ ಕಪ್ಪಾಗಿತ್ತು. ತಂಗಿ ಮೊದಲು ಸೋಲಾರಿನ ಸ್ವಿಚ್ ಆರಿಸಿದಳು, ನಂತರ ಬ್ಯಾಟರಿಯ ನೆಗೆಟಿವ್ ಕಳಚಿದಳು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಸ್ಪ್ಯಾನರ್ ತಪ್ಪಿ ಎರಡೂ ತುದಿಗೆ ತಾಗಿದರೆ ಕೈ ಸುಡುವಷ್ಟು ಕಿಡಿ ಹಾರುತ್ತದೆ. ಆಮೇಲೆ ಕಬ್ಬಿಣವನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ ಬಿಗಿದಳು. ರೂಟರಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆದು, ಬ್ಯಾಟರಿಯ ಹತ್ತಿರವೇ ಅದಕ್ಕೊಂದು ಸಣ್ಣ ಫ್ಯೂಸ್ ಹಾಕಿದಳು. ಫ್ಯೂಸ್ ಹಾರಿತೆಂದು ದೊಡ್ಡದನ್ನು ಹಾಕುವವರು ನಮ್ಮಲ್ಲೂ ಇದ್ದಾರೆ. ಆಗ ಹಾರುವುದು ಫ್ಯೂಸ್ ಅಲ್ಲ, ಉರಿಯುವುದು ವೈರು.

ಈಗ ರೂಟರ್ ಆರಲಿಲ್ಲ. ಆದರೂ ಸಿಗ್ನಲ್ ಕಡ್ಡಿ ಏಳಲಿಲ್ಲ. ಹೊರಗೆ ಕೈಯಲ್ಲಿದ್ದ ಮೊಬೈಲಿಗೇ ಎರಡು ಕಡ್ಡಿ ಇದ್ದಾಗ, ಛಾವಣಿಯ ಮೇಲೆ ಅಂಟೆನಾ ಇರುವ ರೂಟರಿಗೆ ಒಂದೂ ಇಲ್ಲವೆಂದರೆ ತಪ್ಪು ಟವರಿನದಲ್ಲ, ಮಧ್ಯದಲ್ಲಿದೆ. ಛಾವಣಿಯ ಆ ಗುಬ್ಬಟೆಯಿಂದ ಐದು ವೈರುಗಳು ಕಪಾಟಿಗೆ ಇಳಿಯುತ್ತವೆ. ಎರಡು ಟವರಿಗೆ, ಎರಡು ವೈಫೈಗೆ, ಒಂದು ಜಿಪಿಎಸ್‌ಗೆ. ಡಿಸೆಂಬರಿನಲ್ಲಿ ಸೋಲಾರಿನ ವೈರು ತೂರಿಸಲು ಅವನ್ನೆಲ್ಲ ಬಿಚ್ಚಿ ಮತ್ತೆ ಸೇರಿಸಿದ್ದರು. ಅಂಟಿಸಿದ್ದ ಚೀಟಿಗಳು ಆಗಲೇ ಉದುರಿದ್ದವು.

ಗುಟ್ಟು ಹಿಡಿದದ್ದು ಹುಡುಗಿ. ಮೊಬೈಲ್ ಟಾರ್ಚ್ ಹಿಡಿದು ನೋಡಿ, "ಅಮ್ಮಿ, ಕೆಲವದರಲ್ಲಿ ಸೂಜಿ ಇದೆ, ಕೆಲವದರಲ್ಲಿ ಬರೀ ತೂತು" ಎಂದಳು. ವಿಷಯ ಅದೇ. ಟವರಿನ ವೈರಿನ ತಲೆಯನ್ನು ಎಸ್‌ಎಂಎ ಎನ್ನುತ್ತಾರೆ, ಅದರ ನಡುವೆ ಸೂಜಿ ಇರುತ್ತದೆ. ವೈಫೈ ವೈರಿನದು ಆರ್‌ಪಿ-ಎಸ್‌ಎಂಎ, ಅಲ್ಲಿ ಸೂಜಿಯ ಜಾಗದಲ್ಲಿ ತೂತು. ಹೊರಗಿನ ತಿರುಪು ಮಾತ್ರ ಎರಡಕ್ಕೂ ಒಂದೇ ಅಳತೆ! ಟವರಿನ ಕಿಂಡಿಯಲ್ಲೂ ತೂತು ಇರುತ್ತದೆ. ಅದಕ್ಕೆ ವೈಫೈ ವೈರು ಹಾಕಿದರೆ ಚೆನ್ನಾಗಿ ಬಿಗಿಯಾಗುತ್ತದೆ, ಒಳಗೆ ಮಾತ್ರ ಒಂದನ್ನೊಂದು ಮುಟ್ಟುವುದೇ ಇಲ್ಲ. ವೈಫೈ ಕಿಂಡಿಗಳಿಗೆ ಹಾಕಿದ್ದ ಟವರ್ ವೈರುಗಳಲ್ಲಿ ಸೂಜಿಗೆ ಸೂಜಿ ಒತ್ತಿ ತಿರುಪು ಅರ್ಧಕ್ಕೇ ನಿಂತಿತ್ತು. ಪುಣ್ಯಕ್ಕೆ ಬಗ್ಗಿರಲಿಲ್ಲ. ಇಬ್ಬರೂ ಸೇರಿ ಅದಲು ಬದಲು ಮಾಡಿದರು, ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ಉಗುರು ಬಣ್ಣ ಹಚ್ಚಿದರು. ಉಗುರು ಬಣ್ಣಕ್ಕೆ ಇಂತಹ ಉಪಯೋಗ ನನಗೂ ಹೊಳೆದಿರಲಿಲ್ಲ.

ಹಳೆಯ ವಾಹನ ಕೊಂಡವರಿಗೆ ಇನ್ನೊಂದು ತೊಡಕಿದೆಯಂತೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಬರೀ 3ಜಿಯ ರೂಟರಾದರೆ ಯಾವ ವೈರು ತಿರುವಿದರೂ ಪ್ರಯೋಜನವಿಲ್ಲ. ಟಿವಿಯ ಅಂಟೆನಾದ ರೋಗ ಇನ್ನೂ ಸರಳ. ಅನೇಕ ಆರ್‌ವಿಗಳಲ್ಲಿ ಗೋಡೆಯ ಮೇಲೆ ಒಂದು ಸಣ್ಣ ಗುಂಡಿ ಮತ್ತು ದೀಪ ಇರುತ್ತದೆ. ಛಾವಣಿಯ ಅಂಟೆನಾಗೆ ಬೇಕಾದ 12 ವೋಲ್ಟ್ ಅದೇ ಟಿವಿ ಕೇಬಲಿನಲ್ಲಿ ಮೇಲೆ ಹೋಗುತ್ತದೆ. ಗುಂಡಿ ಆರಿದ್ದರೆ ಚಿತ್ರವಿಲ್ಲ. ತಂಗುದಾಣದ ಕೇಬಲ್ ಹಾಕಿಕೊಂಡಾಗ ಮಾತ್ರ ಅದನ್ನು ಆರಿಸಬೇಕು. ಊರು ಬದಲಾದಾಗಲೆಲ್ಲ ಚಾನೆಲ್ ಹೊಸದಾಗಿ ಹುಡುಕಿಸಬೇಕು. ಛಾವಣಿಯಲ್ಲಿ ವೈರು ಇಳಿಯುವ ತೂತಿನ ಸುತ್ತ ಬಳಿದ ಅಂಟು ಬಿರುಕು ಬಿಟ್ಟಿದೆಯೇ ಎಂದು ಹಗಲಲ್ಲೇ, ಏಣಿ ಹಿಡಿಯಲು ಜನ ಇದ್ದಾಗ ನೋಡಬೇಕು. ಬಿರುಕಿದ್ದರೆ ಮಳೆನೀರು ಮರದ ಒಳಗೆ ಇಳಿದು, ಕಾಣುವ ಹೊತ್ತಿಗೆ ಛಾವಣಿಯೇ ಕೊಳೆತಿರುತ್ತದೆ.

ಗುರುವಾರ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಆಸ್ಪತ್ರೆಯ ಹಾಸಿಗೆಯ ಬಳಿ ನನ್ನ ಮೊಬೈಲ್ ಹಾಡಿತು. ತಂಗಿಯ ಹಣೆಯ ಮೇಲೆ ಮಸಿ, ಕೈಯಲ್ಲಿ ಇನ್ನೂ ಸ್ಪ್ಯಾನರ್. ಅಮ್ಮಿ ಬಹಳ ಹೊತ್ತು ನೋಡಿದರು. ಆಪರೇಷನ್ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಅಷ್ಟು ಸಣ್ಣ ಮನೆಯಲ್ಲಿ ಪಾತ್ರೆ ಎಲ್ಲಿ ತೊಳೆಯುತ್ತೀಯೇ?" ಎಂದರು. ತಂಗಿ ನಗುತ್ತಾ ಫೋನನ್ನು ಮಗಳ ಕಡೆ ತಿರುಗಿಸಿದಳು. ಹುಡುಗಿ ನಲ್ಲಿ ಬಿಟ್ಟಳು. ಪಂಪು ಗುರ್ರೆಂದದ್ದು ನನಗೂ ಕೇಳಿಸಿತು. ಚಿತ್ರ ಅಲ್ಲಾಡಲಿಲ್ಲ.